ಓಮ್ ಮೀಟರು ಸುರುಳಿಯೊಳಗೆ ಏನನ್ನು ಕಾಣುತ್ತದೆ?

ಮೋಟಾರು ಸೈಕಲ್ಲಿನ ಇಗ್ನಿಷನ್ ಕಾಯಿಲ್, ಮನೆಯ ಸೀಲಿಂಗ್ ಫ್ಯಾನು, ಹೊಲದ ಕೊಳವೆಬಾವಿಯಲ್ಲಿ ಮುಳುಗಿರುವ ಪಂಪು, ಈ ಮೂರೂ ನೋಟಕ್ಕೂ ಕೆಲಸಕ್ಕೂ ಬೇರೆ ಬೇರೆಯಾದರೂ ಇವುಗಳ ಒಳಗಿರುವುದು ಒಂದೇ ವಸ್ತು: ಎನಾಮಲ್ ಬಳಿದ ಅಥವಾ ಪ್ಲಾಸ್ಟಿಕ್ ಹೊದಿಸಿದ ತಾಮ್ರದ ತಂತಿಯನ್ನು ಕಬ್ಬಿಣದ ತಿರುಳಿನ ಮೇಲೆ ಸುತ್ತಿ ಮಾಡಿದ ಸುರುಳಿ. ಯಂತ್ರ ನಿಂತಿತೆಂದರೆ ಮೆಕ್ಯಾನಿಕ್ಕಿನ ಕೈ ಮೊದಲು ಹೋಗುವುದು ಮಲ್ಟಿಮೀಟರಿನ ಕಡೆಗೆ. ಅದರ ಗುಂಡಿಯನ್ನು ಓಮ್ ಭಾಗಕ್ಕೆ ತಿರುಗಿಸಿ, ಎರಡು ಕಡ್ಡಿಗಳನ್ನು ಸುರುಳಿಯ ಎರಡು ತುದಿಗಳಿಗೆ ಮುಟ್ಟಿಸಿ, ಕಾಯಿಲ್ ಹೋಗಿದೆ ಎಂದೋ ಚೆನ್ನಾಗಿದೆ ಎಂದೋ ಹೇಳಿಬಿಡುವುದು ರೂಢಿ. ಈ ಎರಡು ತೀರ್ಪುಗಳಲ್ಲಿ ಮೊದಲನೆಯದನ್ನು ಬಹುಮಟ್ಟಿಗೆ ನಂಬಬಹುದು. ಎರಡನೆಯದನ್ನು ನಂಬುವುದಕ್ಕೆ ಮೀಟರಿನ ಅಂಕಿಯೊಂದೇ ಸಾಲದು. ಏಕೆ ಸಾಲದು, ಆದರೂ ಆ ಅಂಕಿಯಿಂದ ಎಷ್ಟು ಕೆಲಸ ತೆಗೆಯಬಹುದು ಎಂಬುದನ್ನು ಇಲ್ಲಿ ವಿಚಾರ ಮಾಡಲಾಗಿದೆ.

ತಂತಿಯಲ್ಲಿ ವಿದ್ಯುತ್ ಪ್ರವಾಹ ಹರಿಯುವಾಗ ಅದಕ್ಕೆ ಎದುರಾಗುವ ಅಡ್ಡಿಗೆ ರೋಧವೆಂದು ಹೆಸರು. ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ದಪ್ಪವಾದಷ್ಟೂ ತಗ್ಗುತ್ತದೆ, ಲೋಹ ಯಾವುದೆಂಬುದರ ಮೇಲೂ ಅದು ನಿಂತಿದೆ. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದ ಗೇಯಾರ್ಗ್ ಸೈಮನ್ ಓಮ್ ಎಂಬಾತನು ಈ ಸಂಬಂಧವನ್ನು ಪ್ರಯೋಗಗಳಿಂದ ಕಂಡುಕೊಂಡು, ವೋಲ್ಟೇಜ್, ಪ್ರವಾಹ ಮತ್ತು ರೋಧ ಈ ಮೂರನ್ನೂ ಒಂದೇ ಸೂತ್ರಕ್ಕೆ ಬಿಗಿದು, 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಆ ಕಾಲದ ಬ್ಯಾಟರಿಗಳು ಗಳಿಗೆಗಳಿಗೆಗೂ ಸೊರಗುತ್ತಿದ್ದುದರಿಂದ, ಆತನು ಬಿಸ್ಮತ್ ಮತ್ತು ತಾಮ್ರದ ಬೆಸುಗೆಯ ಒಂದು ಕೊನೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಕರಗುವ ಮಂಜಿನಲ್ಲಿಯೂ ಇರಿಸಿ, ಆ ಉಷ್ಣತೆಯ ಅಂತರದಿಂದ ಹುಟ್ಟುವ ಅಲ್ಪವಾದರೂ ಸ್ಥಿರವಾದ ವೋಲ್ಟೇಜನ್ನು ಬಳಸಿಕೊಂಡನು. ಸ್ಥಿರವಾದ ಆಕರ ಸಿಕ್ಕಿದ ಮೇಲೆಯೇ ಅಳತೆಗಳು ಒಂದಕ್ಕೊಂದು ಹೊಂದಿಬಂದವು. ರೋಧದ ಮಾನಕ್ಕೆ ಆತನ ಹೆಸರೇ ನಿಂತಿತು: ಒಂದು ವೋಲ್ಟಿನ ಒತ್ತಡಕ್ಕೆ ಒಂದು ಆಂಪಿಯರ್ ಪ್ರವಾಹವನ್ನು ಬಿಡುವ ತಂತಿಯ ರೋಧ ಒಂದು ಓಮ್.

ಓಮ್ ಮೀಟರು ಮಾಡುವುದು ಇದನ್ನೇ. ಅದರೊಳಗೆ ಒಂದು ಚಿಕ್ಕ ಬ್ಯಾಟರಿ ಇರುತ್ತದೆ; ಪರೀಕ್ಷಿಸಬೇಕಾದ ತಂತಿಯ ಮೂಲಕ ಅದು ಸ್ವಲ್ಪ ಪ್ರವಾಹವನ್ನು ಹರಿಸಿ, ಎಷ್ಟು ಹರಿಯಿತೆಂಬುದನ್ನು ಓಮಿನ ಲೆಕ್ಕದಲ್ಲಿ ತೋರಿಸುತ್ತದೆ. ಮುಳ್ಳಿರುವ ಹಳೆಯ ಮೀಟರಿನಲ್ಲಿ ಸೊನ್ನೆ ಬಲತುದಿಯಲ್ಲಿಯೂ ಅನಂತದ ಗುರುತು ಎಡತುದಿಯಲ್ಲಿಯೂ ಇರುವುದು ಹೊಸಬರಿಗೆ ವಿಚಿತ್ರವಾಗಿ ತೋರಿದರೂ, ರೋಧ ಕಡಿಮೆಯಾದಷ್ಟೂ ಪ್ರವಾಹ ಹೆಚ್ಚಿ ಮುಳ್ಳು ಬಲಕ್ಕೆ ಸರಿಯುತ್ತದೆಂಬುದನ್ನು ನೆನೆದರೆ ಗೊಂದಲವಿಲ್ಲ. ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಸಾಧನವನ್ನು ರೂಪಿಸಿದ ಕೀರ್ತಿ ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿಗೆ ಸಲ್ಲುತ್ತದೆ. ಅದು 1923ರಲ್ಲಿ ಆವೋಮೀಟರ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಇಂದಿನ ಡಿಜಿಟಲ್ ಮೀಟರು ಅದರ ಮೊಮ್ಮಗು. ಪರದೆಯ ಮೇಲೆ ಅಂಕಿ ಮೂಡಿಸುತ್ತದೆ, ತಂತಿ ತುಂಡಾಗಿದ್ದರೆ ಎಡಬದಿಯಲ್ಲಿ ಒಂಟಿ 1 ಅಥವಾ ಓಎಲ್ ಎಂಬ ಅಕ್ಷರಗಳನ್ನು ತೋರಿಸಿ ಸುಮ್ಮನಾಗುತ್ತದೆ.

ಇನ್ನು ಇಗ್ನಿಷನ್ ಕಾಯಿಲಿನ ರಚನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತಿಟ್ಟ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಕಿಡಿ ಹೊತ್ತಿಸಲು ಹತ್ತಿಪ್ಪತ್ತು ಸಾವಿರ ವೋಲ್ಟ್ ಬೇಕು. ಬ್ಯಾಟರಿ ಕೊಡುವುದು 12 ವೋಲ್ಟ್ ಮಾತ್ರ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಮೋಟಾರು ಕಾರುಗಳಿಗಾಗಿ ಬಳಕೆಗೆ ತಂದ, ಸುಮಾರು ಮುಕ್ಕಾಲು ಶತಮಾನದ ಕಾಲ ಜಗತ್ತಿನ ರಸ್ತೆಗಳನ್ನೆಲ್ಲ ಆಳಿದ ಏರ್ಪಾಟಿನಲ್ಲಿ ಈ ಅಂತರವನ್ನು ತುಂಬುವುದು ಎರಡು ಸುರುಳಿಗಳು. ಪ್ರಾಥಮಿಕ ಸುರುಳಿಯಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ತಂತಿಯ 250ರಷ್ಟು ಸುತ್ತುಗಳಿದ್ದರೆ, ದ್ವಿತೀಯಕ ಸುರುಳಿಯಲ್ಲಿ ಮಿಲಿಮೀಟರಿನ ನೂರರಲ್ಲಿ ಏಳೆಂಟು ಪಾಲಿನಷ್ಟೇ ದಪ್ಪದ ತಂತಿಯ 20,000ದಷ್ಟು ಸುತ್ತುಗಳಿರುತ್ತವೆ. ಬ್ಯಾಟರಿಯ ಪ್ರವಾಹ ಪ್ರಾಥಮಿಕ ಸುರುಳಿಯಲ್ಲಿ ಹರಿಯುತ್ತ ತಿರುಳಿನಲ್ಲಿ ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಪಾಯಿಂಟ್ ಎಂದು ಕರೆಯುವ ಸಂಪರ್ಕ ಬಿಟ್ಟುಕೊಂಡೊಡನೆ ಆ ಕ್ಷೇತ್ರ ಥಟ್ಟನೆ ಕುಸಿಯುತ್ತದೆ. ಫ್ಯಾರಡೆ 1831ರಲ್ಲಿ ಕಂಡ ಪ್ರೇರಣೆಯ ನಿಯಮದಂತೆ, ಬದಲಾಗುವ ಕಾಂತಕ್ಷೇತ್ರ ತನ್ನ ಸುತ್ತಲಿನ ಪ್ರತಿಯೊಂದು ಸುತ್ತಿನಲ್ಲಿಯೂ ವೋಲ್ಟೇಜನ್ನು ಹುಟ್ಟಿಸುತ್ತದೆ. ಪ್ರಾಥಮಿಕ ಸುರುಳಿಯಲ್ಲಿಯೇ ಅದು ಇನ್ನೂರು ಮುನ್ನೂರು ವೋಲ್ಟಿಗೆ ಏರುವುದರಿಂದ, ಎಂಬತ್ತು ಪಟ್ಟು ಹೆಚ್ಚು ಸುತ್ತುಗಳಿರುವ ದ್ವಿತೀಯಕದಲ್ಲಿ ಇಪ್ಪತ್ತು ಸಾವಿರ ದಾಟುವುದು ಆಶ್ಚರ್ಯವಲ್ಲ.

ಈ ಸುತ್ತುಗಳ ಲೆಕ್ಕದಿಂದಲೇ ಮೀಟರು ಏನನ್ನು ತೋರಿಸಬೇಕೆಂಬುದನ್ನು ಮೊದಲೇ ಊಹಿಸಬಹುದು. ಪ್ರಾಥಮಿಕದ ತಂತಿ ಬಿಚ್ಚಿ ನೀಳವಾಗಿಸಿದರೆ ಸುಮಾರು 30 ಮೀಟರ್ ಬರುತ್ತದೆ, ಅದರ ರೋಧ ಸುಮಾರು 3 ಓಮ್. ದ್ವಿತೀಯಕದ ತಂತಿ ಎರಡು ಕಿಲೋಮೀಟರಿಗೆ ಹತ್ತಿರ, ಅದರ ರೋಧ ಎಂಟು ಒಂಬತ್ತು ಸಾವಿರ ಓಮ್. ಪಾಯಿಂಟ್ ಇರುವ 12 ವೋಲ್ಟಿನ ವಾಹನಗಳಲ್ಲಿ ಪ್ರಾಥಮಿಕ 3 ಓಮಿನ ಆಸುಪಾಸಿನಲ್ಲಿಯೂ ದ್ವಿತೀಯಕ 6,000ದಿಂದ 15,000 ಓಮಿನ ನಡುವೆಯೂ ಇರುವುದು ವಾಡಿಕೆ. ಪ್ರಾಥಮಿಕದ 3 ಓಮ್ ಬಾಯಿಗೆ ಬಂದ ಅಂಕಿಯಲ್ಲ. 12 ವೋಲ್ಟನ್ನು 3ರಿಂದ ಭಾಗಿಸಿದರೆ ಬರುವ 4 ಆಂಪಿಯರ್ ಪಾಯಿಂಟ್ ತಡೆದುಕೊಳ್ಳಬಲ್ಲ ಪ್ರವಾಹದ ಮೇರೆ. ಅದೇ ವಾಹನಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆಂದು ಮಾಡಿದ, ಒಂದು ಓಮಿಗಿಂತ ಕಡಿಮೆ ರೋಧದ ಕಾಯಿಲನ್ನು ಜೋಡಿಸಿದರೆ ಪಾಯಿಂಟ್ ಕೆಲವೇ ದಿನಗಳಲ್ಲಿ ಸುಟ್ಟು ಕರಕಾಗುತ್ತದೆ.

ಇದರ ತಿರುವು ಮುರುವು ಹಳೆಯ ಮೋಟಾರು ಸೈಕಲ್ಲುಗಳಲ್ಲಿ ಕಾಣಸಿಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರ ತನಕ ಹೊರಬಂದ ಜಾವಾ ಮತ್ತು ಯೆಜ್ದಿ ಗಾಡಿಗಳನ್ನು ಇಂದಿಗೂ ಮುದ್ದಿನಿಂದ ಇಟ್ಟುಕೊಂಡಿರುವವರು ರಾಜ್ಯದಲ್ಲಿ ಕಡಿಮೆಯಿಲ್ಲ. ಅವುಗಳಲ್ಲಿ ಹಳೆಯ ಮಾದರಿಗಳು 6 ವೋಲ್ಟಿನ ಬ್ಯಾಟರಿಯವು. ಆರು ವೋಲ್ಟಿನಿಂದ ಅದೇ ನಾಲ್ಕು ಆಂಪಿಯರ್ ಪಡೆಯಬೇಕಾದರೆ ಪ್ರಾಥಮಿಕದ ರೋಧ ಸುಮಾರು ಒಂದೂವರೆ ಓಮ್ ಇರಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದು 12 ವೋಲ್ಟಿನ ಕಾಯಿಲನ್ನು ಅದಕ್ಕೆ ಹಾಕಿದರೆ ಪ್ರವಾಹ ಅರ್ಧಕ್ಕೆ ಇಳಿಯುತ್ತದೆ. ಕಾಂತಕ್ಷೇತ್ರದಲ್ಲಿ ಸಂಗ್ರಹವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಕಿಡಿಯ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಗಾಡಿ ತಣ್ಣಗಿದ್ದಾಗ ಹತ್ತು ಒದೆಗೂ ಏಳುವುದಿಲ್ಲ, ಕಾರ್ಬ್ಯುರೇಟರಿನ ಮೇಲೆ ದೂರು ಬೀಳುತ್ತದೆ. ಎರಡು ಕಾಯಿಲುಗಳೂ ಹೊರಗಿನಿಂದ ಒಂದೇ ಬಗೆಯ ಡಬ್ಬಿಯಲ್ಲಿರುವಾಗ ಇವನ್ನು ಬೇರ್ಪಡಿಸಿ ಹೇಳುವ ಸುಲಭ ಸಾಧನ ಓಮ್ ಮೀಟರೇ, ಮತ್ತು ಅದು ನಿಜವಾಗಿಯೂ ಮಿಂಚುವುದು ಇಂಥ ಕಡೆಯಲ್ಲಿ.

ಅಳೆಯುವ ಕ್ರಮದಲ್ಲಿ ಕೆಲವು ಎಚ್ಚರಗಳಿವೆ. ಬ್ಯಾಟರಿಯ ಸಂಪರ್ಕ ಬಿಡಿಸಿ, ಕಾಯಿಲಿಗೆ ಬರುವ ತಂತಿಗಳನ್ನೆಲ್ಲ ಕಳಚಿದ ಮೇಲೆಯೇ ಮೀಟರನ್ನು ಮುಟ್ಟಿಸಬೇಕು. ಇಲ್ಲವಾದರೆ ಮೀಟರು ಕಾಯಿಲಿನ ಜೊತೆಗೆ ಅದಕ್ಕೆ ಅಡ್ಡಲಾಗಿರುವ ಬೇರೆ ದಾರಿಗಳನ್ನೂ ಸೇರಿಸಿ ಅಳೆಯುತ್ತದೆ. ಬಾಷ್ ಪದ್ಧತಿಯ ಗುರುತಿರುವ ಕಾಯಿಲುಗಳಲ್ಲಿ 15 ಮತ್ತು 1 ಎಂಬ ತುದಿಗಳು ಪ್ರಾಥಮಿಕದವು, ನಡುವಿನ 4 ಎಂಬುದು ಕಿಡಿ ಹಾರಿಸುವ ಪ್ಲಗ್ಗಿಗೆ ಹೋಗುವ ತುದಿ. ದ್ವಿತೀಯಕದ ಇನ್ನೊಂದು ಕೊನೆಯನ್ನು ಒಳಗೇ ಪ್ರಾಥಮಿಕಕ್ಕೆ ಕೂಡಿಸಿರುವುದರಿಂದ ದ್ವಿತೀಯಕವನ್ನು ನಡುವಿನ ತುದಿಗೂ ಉಳಿದೆರಡರಲ್ಲಿ ಯಾವುದಾದರೊಂದಕ್ಕೂ ನಡುವೆ ಅಳೆಯಬಹುದು. ಎಂಟು ಸಾವಿರ ಓಮಿನಲ್ಲಿ ಮೂರು ಓಮ್ ಹೆಚ್ಚು ಕಡಿಮೆಯಾದರೆ ಲೆಕ್ಕಕ್ಕೆ ಬಾರದು. ಪ್ಲಗ್ಗಿನ ಟೋಪಿಯನ್ನು ಮಾತ್ರ ಮರೆಯದೆ ತೆಗೆಯಬೇಕು; ರೇಡಿಯೋಕ್ಕೆ ಗರಗರ ಶಬ್ದ ಬಾರದಂತೆ ಅದರೊಳಗೆ 5,000 ಓಮಿನ ರೋಧಕವನ್ನು ಇಟ್ಟಿರುತ್ತಾರೆ, ಅದು ಸೇರಿಕೊಂಡರೆ ಒಳ್ಳೆಯ ಕಾಯಿಲೂ ಕೆಟ್ಟದ್ದೆಂದು ತೋರುತ್ತದೆ.

ದೊಡ್ಡ ರೋಧವನ್ನು ಅಳೆಯುವುದು ಸುಲಭ, ಚಿಕ್ಕದನ್ನು ಅಳೆಯುವುದು ಕಷ್ಟ. ಮೀಟರಿನ ಕಡ್ಡಿಗಳಿಗೂ ಅವುಗಳ ತಂತಿಗೂ ತಮ್ಮದೇ ರೋಧವಿದೆ, ತುದಿಗೆ ಕಿಲುಬು ಕೂತಿದ್ದರೆ ಇನ್ನೂ ಹೆಚ್ಚು, ಒಟ್ಟು 0.2ರಿಂದ 0.5 ಓಮ್ ತನಕ ಹೋಗುವುದುಂಟು. ಮೂರು ಓಮಿನ ಸುರುಳಿಯಲ್ಲಿ ಇದನ್ನು ಹೇಗೋ ಸಹಿಸಬಹುದಾದರೂ, 0.6 ಓಮ್ ಇರಬೇಕಾದ ಸುರುಳಿಯನ್ನು ಮೀಟರು 0.9 ಎಂದು ತೋರಿದಾಗ ತೀರ್ಪು ಪೂರ್ತಿ ತಲೆಕೆಳಗಾಗುತ್ತದೆ. ಎರಡು ಕಡ್ಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ಬರುವ ಅಂಕಿಯನ್ನು ಮೊದಲು ಬರೆದುಕೊಂಡು, ಆಮೇಲೆ ಅದನ್ನು ಕಳೆಯುವುದು ಸರಳ ಉಪಾಯ. ಇದಕ್ಕಿಂತ ನಂಬಿಕೆಯದು ನಾಲ್ಕು ತಂತಿಯ ವಿಧಾನ: ಒಂದು ಜೊತೆ ತಂತಿಯಿಂದ ಸುರುಳಿಯಲ್ಲಿ ಗೊತ್ತಾದ ಪ್ರವಾಹವನ್ನು, ಹೇಳುವುದಾದರೆ ಒಂದು ಆಂಪಿಯರನ್ನು, ಹರಿಸಿ, ಬೇರೊಂದು ಜೊತೆ ತಂತಿಯನ್ನು ಸುರುಳಿಯ ತುದಿಗಳಿಗೇ ಮುಟ್ಟಿಸಿ ಅಲ್ಲಿರುವ ವೋಲ್ಟೇಜನ್ನು ಓದುವುದು. ವೋಲ್ಟ್ ಓದುವ ತಂತಿಯಲ್ಲಿ ಪ್ರವಾಹ ಹರಿಯುವುದೇ ಇಲ್ಲವೆನ್ನುವಷ್ಟು ಅಲ್ಪವಾದುದರಿಂದ ಅದರ ಸ್ವಂತ ರೋಧ ಲೆಕ್ಕಕ್ಕೆ ಬರುವುದಿಲ್ಲ; ವೋಲ್ಟ್ ಮೀಟರು 0.62 ಎಂದರೆ ಸುರುಳಿ 0.62 ಓಮ್, ಅಷ್ಟೇ. ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್ 1861ರಲ್ಲಿ ರೂಪಿಸಿದ ಸೇತುವೆ ಮಂಡಲದಲ್ಲಿಯೂ ಇದೇ ತತ್ತ್ವ ಅಡಗಿದೆ.

ದೊಡ್ಡ ಟ್ರಾನ್ಸ್‌ಫಾರ್ಮರ್ ಸುರುಳಿಯನ್ನು ಮುಳ್ಳಿನ ಮೀಟರಿನಿಂದ ಅಳೆಯುವವರು ಕಡ್ಡಿಯ ಲೋಹದ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ, ಕಡ್ಡಿ ತೆಗೆಯುವಾಗ ಚುರ್ರೆಂದು ಶಾಕ್ ಹೊಡೆಯುವುದುಂಟು. ಒಂದೂವರೆ ವೋಲ್ಟಿನ ಸೆಲ್ಲಿನಿಂದ ಶಾಕ್ ಎಲ್ಲಿಂದ ಬಂತೆಂದು ಬೆರಗಾಗಬೇಕಿಲ್ಲ. ಸುರುಳಿಯಲ್ಲಿ ಕಟ್ಟಿದ್ದ ಪುಟ್ಟ ಕಾಂತಕ್ಷೇತ್ರ ಕುಸಿಯುವಾಗ, ಇಗ್ನಿಷನ್ ಕಾಯಿಲ್ ಪ್ಲಗ್ಗಿನಲ್ಲಿ ಮಾಡುವ ಕೆಲಸವನ್ನೇ ಬೆರಳಿನ ಮೇಲೆ ಮಾಡಿ ತೋರಿಸಿರುತ್ತದೆ.

ಮೀಟರು ಅನಂತ ತೋರಿಸಿತೆಂದರೆ ತಂತಿ ಎಲ್ಲೋ ತುಂಡಾಗಿದೆ. ಸೊನ್ನೆಯ ಹತ್ತಿರ ತೋರಿಸಿತೆಂದರೆ ಸುರುಳಿಯ ದೊಡ್ಡ ಭಾಗ ಷಾರ್ಟ್ ಆಗಿದೆ. ಸುರುಳಿಗೂ ಹೊರಗಿನ ಲೋಹದ ಡಬ್ಬಿಗೂ ನಡುವೆ ಯಾವುದಾದರೂ ಅಂಕಿ ಬಂದಿತೆಂದರೆ, ವರ್ಕ್‌ಶಾಪಿನ ಮಾತಿನಲ್ಲಿ, ಕಾಯಿಲ್ ಬಾಡಿ ಆಗಿದೆ. ಹಳೆಯ ಬಗೆಯ ಕಾಯಿಲುಗಳಲ್ಲಿ ಈ ಮೂರರ ಬಗ್ಗೆ ವಾದಕ್ಕೆ ಎಡೆಯಿಲ್ಲ. ತೊಡಕಿರುವುದು ಮೀಟರು ಸರಿಯಾದ ಅಂಕಿಯನ್ನೇ ತೋರಿಸಿದಾಗ.

ದ್ವಿತೀಯಕದ 20,000 ಸುತ್ತುಗಳಲ್ಲಿ ಹತ್ತು ಸುತ್ತುಗಳ ನಡುವಿನ ಎನಾಮಲ್ ಸುಟ್ಟು ಅವು ಒಂದಕ್ಕೊಂದು ತಾಗಿಕೊಂಡಿವೆಯೆಂದು ಭಾವಿಸಬಹುದು. ಒಟ್ಟು ರೋಧದಲ್ಲಿ ಕಡಿಮೆಯಾಗುವುದು ಎರಡು ಸಾವಿರದಲ್ಲಿ ಒಂದು ಪಾಲು, ಅಂದರೆ 9,000 ಓಮಿನಲ್ಲಿ ನಾಲ್ಕೂವರೆ ಓಮ್. ಸಾಮಾನ್ಯ ಡಿಜಿಟಲ್ ಮೀಟರಿನ ನಿಖರತೆಯೇ ನೂರಕ್ಕೆ ಒಂದರಷ್ಟು, ಅಂದರೆ 90 ಓಮ್ ಆಚೀಚೆ. ತಾಮ್ರದ ರೋಧ ಉಷ್ಣತೆ ಒಂದು ಡಿಗ್ರಿ ಏರಿದರೆ ನೂರಕ್ಕೆ ಸುಮಾರು 0.39ರಷ್ಟು ಏರುವುದರಿಂದ, ಕಾಯಿಲನ್ನು ಬಿಸಿಲಿನಿಂದ ನೆರಳಿಗೆ ತಂದರೂ ಆಗುವ ವ್ಯತ್ಯಾಸ ಈ ನಾಲ್ಕೂವರೆ ಓಮನ್ನು ನುಂಗಿಹಾಕುತ್ತದೆ. ಆದ್ದರಿಂದ ಮೀಟರಿನ ಕಣ್ಣಿಗೆ ಆ ಕಾಯಿಲ್ ಹೊಸದರಷ್ಟೇ ಆರೋಗ್ಯವಾಗಿರುತ್ತದೆ. ಎಂಜಿನ್ನಿನಲ್ಲಿ ಅದರ ಕಥೆಯೇ ಬೇರೆ. ತಿರುಳಿನ ಕಾಂತಕ್ಷೇತ್ರ ಕುಸಿಯುವಾಗ ತಾಗಿಕೊಂಡ ಆ ಹತ್ತು ಸುತ್ತುಗಳಲ್ಲಿಯೂ ವೋಲ್ಟೇಜ್ ಹುಟ್ಟುತ್ತದೆ. ಅವು ಮುಚ್ಚಿದ ಬಳೆಯಾಗಿರುವುದರಿಂದ ಅಲ್ಲಿಯೇ ಸುತ್ತುವ ಪ್ರವಾಹ ಮೂಲ ಬದಲಾವಣೆಗೆ ಅಡ್ಡ ನಿಂತು, ಪ್ಲಗ್ಗಿಗೆ ಹೋಗಬೇಕಾದ ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ. ಕಿಡಿ ಕೆಂಪಗೆ, ಸಪ್ಪಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಇಲ್ಲಿರುವುದು ಮೀಟರಿನ ಅಲ್ಪ ನಿಖರತೆಯ ಪ್ರಶ್ನೆ ಮಾತ್ರವಲ್ಲ. ಓಮ್ ಮೀಟರು ಹರಿಸುವುದು ಏರಿಳಿತವಿಲ್ಲದ ಪ್ರವಾಹ. ಸುರುಳಿ ಬದುಕುವುದು ಬದಲಾಗುವ ಪ್ರವಾಹದಲ್ಲಿ. ಬದಲಾವಣೆಯಿಲ್ಲದಾಗ ಷಾರ್ಟ್ ಆದ ಸುತ್ತು ತಣ್ಣಗೆ ಕುಳಿತಿರುತ್ತದೆ, ಅದರ ಕಾಯಿಲೆ ಹೊರಬೀಳುವ ಸಂದರ್ಭವೇ ಒದಗುವುದಿಲ್ಲ. ಇನ್ನೊಂದು ಕೊರತೆ ವೋಲ್ಟೇಜಿನದು. ಇಪ್ಪತ್ತು ಸಾವಿರ ವೋಲ್ಟನ್ನು ತಡೆಯಬೇಕಾದ ಇನ್ಸುಲೇಷನ್ ಗಟ್ಟಿಯಾಗಿದೆಯೇ ಎಂಬುದನ್ನು ಒಂದೆರಡು ವೋಲ್ಟಿನ ಮೀಟರಿನಿಂದ ಕೇಳುವುದು, ಅಣೆಕಟ್ಟಿನ ಗೋಡೆಗೆ ಒಂದು ಬಿಂದಿಗೆ ನೀರು ಸುರಿದು ಅದರ ಬಲ ಪರೀಕ್ಷಿಸಿದಂತೆ. ಎನಾಮಲಿನಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ಮೀಟರಿಗೆ ಅದು ಗೋಡೆಯೇ. ಎಂಜಿನ್ ತಿರುಗಿ ವೋಲ್ಟೇಜ್ ಏರಿದಾಗ ಮಾತ್ರ ಕಿಡಿ ಪ್ಲಗ್ಗಿಗೆ ಹೋಗದೆ ಆ ಬಿರುಕಿನಲ್ಲಿ ಹಾರುತ್ತದೆ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಇದೆ. ದ್ವಿತೀಯಕದ ಸಣ್ಣ ತಂತಿ ಒಳಗೆ ಒಂದು ಕಡೆ ತುಂಡಾಗಿ, ಮೀಟರು ಅನಂತ ತೋರಿಸುತ್ತಿದ್ದರೂ ಗಾಡಿ ಓಡುತ್ತಲೇ ಇರುವುದುಂಟು. ಸಾವಿರಾರು ವೋಲ್ಟಿಗೆ ಕೂದಲೆಳೆಯ ಬಿರುಕು ದಾಟುವುದು ಕಷ್ಟವೇನಲ್ಲ. ಪ್ರತಿ ಸಲವೂ ಕಿಡಿ ಒಳಗೊಂದು, ಹೊರಗೊಂದು ಎಂದು ಎರಡು ಕಡೆ ಹಾರುತ್ತದೆ. ಬರಬರುತ್ತ ಒಳಗಿನ ಕಿಡಿ ಸುತ್ತಲಿನ ಎಣ್ಣೆಯನ್ನೋ ಅಂಟನ್ನೋ ಸುಟ್ಟು ಇಂಗಾಲದ ಹಾದಿ ಮಾಡಿಕೊಂಡು ಕಾಯಿಲನ್ನು ಪೂರ್ತಿ ಕೆಡಿಸುತ್ತದೆ. ಗಾಡಿ ಓಡುತ್ತಿದೆಯಲ್ಲ ಎಂದು ಮೀಟರನ್ನು ಸುಳ್ಳುಗಾರನೆನ್ನುವುದು ಈ ಸಂದರ್ಭದಲ್ಲಿ ತಪ್ಪಾಗುತ್ತದೆ.

ತಣ್ಣಗಿದ್ದಾಗ ಸರಿಯಾಗಿದ್ದು ಕಾದ ಮೇಲೆ ಕೈಕೊಡುವ ಕಾಯಿಲುಗಳು ಮೆಕ್ಯಾನಿಕ್ಕುಗಳನ್ನು ಹೆಚ್ಚು ಕಾಡುತ್ತವೆ. ಅರ್ಧ ಗಂಟೆ ಓಡಿದ ಗಾಡಿ ನಿಲ್ಲುತ್ತದೆ. ತಳ್ಳಿಕೊಂಡು ಅಂಗಡಿಗೆ ತರುವಷ್ಟರಲ್ಲಿ ಆರಿ, ಒಂದೇ ಒದೆಗೆ ಎದ್ದು ನಿಲ್ಲುತ್ತದೆ. ಬಿಸಿಗೆ ತಾಮ್ರ ಹಿಗ್ಗಿ ಅರ್ಧ ಮುರಿದ ಬೆಸುಗೆ ಬಾಯಿ ತೆರೆಯುವುದು ಇದರ ಕಾರಣಗಳಲ್ಲೊಂದು. ಇಂಥ ಕಾಯಿಲನ್ನು ಬಿಸಿಯಿರುವಾಗಲೇ ಅಳೆಯಬೇಕು. ಆಗ ಉಷ್ಣತೆಯ ಲೆಕ್ಕವನ್ನೂ ಹಿಡಿಯಬೇಕು. ಮೂವತ್ತು ಡಿಗ್ರಿಯಲ್ಲಿ 3.0 ಓಮ್ ಇರುವ ಪ್ರಾಥಮಿಕ ಎಂಬತ್ತು ಡಿಗ್ರಿಯಲ್ಲಿ ಸುಮಾರು 3.6 ತೋರಿಸುವುದು ಸಹಜ, ಅದು ದೋಷವಲ್ಲ; 3.6ರ ಬದಲು ಅಂಕಿ ಕುಣಿಯತೊಡಗಿದರೆ ಅಥವಾ ಅನಂತಕ್ಕೆ ಹಾರಿದರೆ ಅದು ದೋಷ.

ಹೊಸ ಕಾರುಗಳಲ್ಲಿ ಪ್ಲಗ್ಗಿನ ತಲೆಯ ಮೇಲೆಯೇ ಕೂರುವ ಕಾಯಿಲುಗಳು ಓಮ್ ಮೀಟರಿನ ಅಧಿಕಾರವನ್ನು ಇನ್ನಷ್ಟು ಕಿತ್ತುಕೊಂಡಿವೆ. ಅನೇಕ ಕಾಯಿಲುಗಳ ಹೊಟ್ಟೆಯಲ್ಲಿಯೇ ಟ್ರಾನ್ಸಿಸ್ಟರ್ ಮಂಡಲವಿರುವುದರಿಂದ ಪ್ರಾಥಮಿಕದ ಎರಡು ತುದಿಗಳು ಹೊರಗೆ ಸಿಗುವುದೇ ಇಲ್ಲ. ಕೆಲವುಗಳಲ್ಲಿ ದ್ವಿತೀಯಕದ ದಾರಿಯಲ್ಲಿ, ಒಂದೇ ಕಡೆಗೆ ಪ್ರವಾಹ ಬಿಡುವ ಡಯೋಡ್ ಇರುತ್ತದೆ. ಹೆಚ್ಚು ವೋಲ್ಟೇಜಿಗೆಂದು ಮಾಡಿದ ಆ ಡಯೋಡಿನ ಬಾಗಿಲು ಮೀಟರಿನ ಸಣ್ಣ ವೋಲ್ಟೇಜಿಗೆ ತೆರೆಯದಿರುವುದರಿಂದ, ಕಡ್ಡಿಗಳನ್ನು ಹೇಗೆ ತಿರುವಿ ಹಿಡಿದರೂ ಅನಂತವೇ ಕಾಣುತ್ತದೆ. ಇಲ್ಲಿ ಮೀಟರನ್ನು ನಂಬಿ ಸಾವಿರಾರು ರೂಪಾಯಿಯ ಒಳ್ಳೆಯ ಕಾಯಿಲನ್ನು ಗುಜರಿಗೆ ಎಸೆದವರುಂಟು. ಇಂಥ ಕಡೆ ಒಂದು ಸಿಲಿಂಡರಿನ ಕಾಯಿಲನ್ನು ಇನ್ನೊಂದಕ್ಕೆ ಬದಲಾಯಿಸಿ ಹಾಕಿ, ತೊಂದರೆ ಕಾಯಿಲಿನ ಜೊತೆಗೇ ಹೋಗುತ್ತದೆಯೇ ಎಂದು ನೋಡುವುದು ಎಷ್ಟೋ ಮೇಲು.

ವಾಹನಗಳಿಂದ ಮೋಟಾರುಗಳ ಕಡೆಗೆ ಬಂದರೆ, ಕರ್ನಾಟಕದ ತಾಲ್ಲೂಕು ಪೇಟೆಗಳಲ್ಲಿ ವೈಂಡಿಂಗ್ ಅಂಗಡಿಯಿಲ್ಲದ ಊರು ಅಪರೂಪ. ಪಂಪ್‌ಸೆಟ್ಟಿನ ಮೂರು ಫೇಸಿನ ಮೋಟಾರಿನಲ್ಲಿ ಒಂದೇ ಬಗೆಯ ಮೂರು ಸುರುಳಿಗಳಿರುವುದು ಪರೀಕ್ಷಕನಿಗೆ ದೊಡ್ಡ ಅನುಕೂಲ. ಸರಿಯಾದ ಅಂಕಿ ಎಷ್ಟೆಂದು ತಿಳಿಯದಿದ್ದರೂ ಮೂರನ್ನೂ ಒಂದಕ್ಕೊಂದು ಹೋಲಿಸಿ ನೋಡಬಹುದು. ಮೂರು ತುದಿಗಳಲ್ಲಿ ಎರಡೆರಡರ ನಡುವೆ ಬರುವ ಮೂರು ಅಂಕಿಗಳು ನೂರಕ್ಕೆ ಎರಡು ಮೂರರ ಒಳಗೆ ಸಮವಿರಬೇಕು. ಸುರುಳಿಗಳ ಒಂದೊಂದು ಕೊನೆಯನ್ನು ಒಂದೆಡೆ ಗಂಟು ಹಾಕಿದ ಸ್ಟಾರ್ ಜೋಡಣೆಯಲ್ಲಿ ಒಂದು ಸುರುಳಿ ತುಂಡಾದರೆ ಮೂರರಲ್ಲಿ ಎರಡು ಅಳತೆಗಳು ಅನಂತವಾಗುತ್ತವೆ. ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಕೂಡಿಸಿ ತ್ರಿಕೋಣ ಮಾಡಿದ ಡೆಲ್ಟಾ ಜೋಡಣೆಯಲ್ಲಿ ಹಾಗಾಗುವುದಿಲ್ಲ. ತುಂಡಾದ ಸುರುಳಿಯ ಅಡ್ಡಲಾಗಿ ಅಳೆದರೆ ಉಳಿದೆರಡೂ ಸಾಲಾಗಿ ಸೇರಿ ಬರುವುದರಿಂದ ಆ ಅಳತೆ ಮಿಕ್ಕ ಎರಡು ಅಳತೆಗಳ ಇಮ್ಮಡಿಯಾಗುತ್ತದೆ, ಅನಂತ ಎಲ್ಲಿಯೂ ಕಾಣುವುದಿಲ್ಲ. ಇದನ್ನರಿಯದವರು ಮೂರು ಕಡೆಯೂ ಕಂಟಿನ್ಯುಟಿ ಇದೆಯೆಂದು ಮೋಟಾರನ್ನು ಮತ್ತೆ ಬಾವಿಗೆ ಇಳಿಸಿಬಿಡುತ್ತಾರೆ.

ಸುಟ್ಟ ಮೋಟಾರನ್ನು ಬಿಚ್ಚಿದಾಗ ಅನುಭವಿ ಕೆಲಸಗಾರರು ಮೀಟರಿಗಿಂತ ಮೊದಲು ಕಣ್ಣಿನಿಂದ ಓದುತ್ತಾರೆ. ಲೈನಿನಲ್ಲಿ ಒಂದು ಫೇಸ್ ಹೋಗಿ ಮೋಟಾರು ಉಳಿದೆರಡರ ಮೇಲೆ ಎಳೆದಾಡಿ ಸುಟ್ಟಿದ್ದರೆ, ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನ ಸುರುಳಿಗಳು ಕಪ್ಪಾಗಿ ಒಂದು ಮಾತ್ರ ತಾಮ್ರದ ಬಣ್ಣ ಉಳಿಸಿಕೊಂಡಿರುತ್ತದೆ. ಡೆಲ್ಟಾದಲ್ಲಿ ಒಂದೇ ಕಪ್ಪಾಗಿ ಎರಡು ಉಳಿದಿರುತ್ತವೆ. ಮೂರೂ ಸಮವಾಗಿ ಕರಿಕಾಗಿದ್ದರೆ ತಪ್ಪು ಫೇಸಿನದಲ್ಲ. ಹೆಚ್ಚಿನ ಹೊರೆ, ತಗ್ಗಿದ ವೋಲ್ಟೇಜ್ ಅಥವಾ ಹಿಡಿದುಕೊಂಡ ಬೇರಿಂಗನ್ನು ಹುಡುಕಬೇಕು.

ಸೀಲಿಂಗ್ ಫ್ಯಾನಿನದು ಇದಕ್ಕಿಂತ ಸರಳ. ಅದರಲ್ಲಿ ಓಡಿಸುವ ಸುರುಳಿ, ಕಂಡೆನ್ಸರಿನ ಜೊತೆಗಿರುವ ಸ್ಟಾರ್ಟಿಂಗ್ ಸುರುಳಿ ಎಂದು ಎರಡಿದ್ದು ಹೊರಗೆ ಮೂರು ತಂತಿಗಳು ಬರುತ್ತವೆ. ಮೂರು ಜೊತೆಗಳನ್ನೂ ಅಳೆದಾಗ ಅತಿ ಹೆಚ್ಚಿನ ಅಂಕಿ ಉಳಿದೆರಡರ ಮೊತ್ತಕ್ಕೆ ಸಮವಿದ್ದರೆ ಸುರುಳಿಗಳು ತುಂಡಾಗಿಲ್ಲ. ಆ ಜೊತೆಯಲ್ಲಿ ಸೇರದ ತಂತಿಯೇ ಎರಡಕ್ಕೂ ಸಾಮಾನ್ಯವಾದದ್ದು. ಅಳೆಯುವ ಮೊದಲು ಕಂಡೆನ್ಸರನ್ನು ಕಳಚಿಡಬೇಕು.

ಮಿಕ್ಸಿಯ ಅಥವಾ ಡ್ರಿಲ್ಲಿನ ಆರ್ಮೇಚರಿನಲ್ಲಿ, ಅಂದರೆ ಸುರುಳಿ ಸುತ್ತಿದ ತಿರುಗುವ ಭಾಗದಲ್ಲಿ, ಷಾರ್ಟ್ ಆದ ಸುತ್ತನ್ನು ಹುಡುಕಲು ವೈಂಡಿಂಗ್ ಅಂಗಡಿಯವರು ಬಳಸುವ ಗ್ರೌಲರ್ ಎಂಬ ಸಾಧನ ಓಮ್ ಮೀಟರಿನ ಕೊರತೆಯನ್ನು ಸೊಗಸಾಗಿ ತುಂಬುತ್ತದೆ. ಅದು ಕವಲುಬಾಯಿಯ ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಒಂದು ಸುರುಳಿ. ಮನೆಯ ಏಸಿ ವಿದ್ಯುತ್ತಿಗೆ ಕೂಡಿಸಿದಾಗ ಗುರುಗುಟ್ಟುತ್ತದೆ. ಆರ್ಮೇಚರನ್ನು ಆ ಬಾಯಿಯಲ್ಲಿಟ್ಟು, ಹ್ಯಾಕ್ಸಾ ಬ್ಲೇಡನ್ನು ತಂತಿ ಕೂತಿರುವ ಮೇಲಿನ ಸ್ಲಾಟಿನ ಉದ್ದಕ್ಕೆ ಸಡಿಲವಾಗಿ ಹಿಡಿದು, ಆರ್ಮೇಚರನ್ನು ಮೆಲ್ಲಗೆ ತಿರುಗಿಸುತ್ತಾರೆ. ಒಳ್ಳೆಯ ಸುರುಳಿಯ ಮೇಲೆ ಬ್ಲೇಡು ಸುಮ್ಮನಿರುತ್ತದೆ. ಷಾರ್ಟ್ ಆದ ಸುತ್ತಿರುವ ಸ್ಲಾಟ್ ಮೇಲೆ ಬಂದೊಡನೆ ಅಲ್ಲಿ ಹುಟ್ಟಿದ ಪ್ರವಾಹದ ಕಾಂತಕ್ಷೇತ್ರಕ್ಕೆ ಸಿಕ್ಕಿ ಟರ್ರೆಂದು ನಡುಗುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ಇರಿಸಿದ ಕೂಡಲೆ ಕಾಯಿಲೆ ತಾನೇ ಹೊರಬಿತ್ತು. ಬೆಲೆಬಾಳುವ ಮೀಟರೊಂದು ಮಾಡಲಾರದ ಕೆಲಸವನ್ನು ಹಳೆಯ ಗರಗಸದ ತುಂಡೊಂದು ಮಾಡಿತು.

ಸುರುಳಿಗೂ ಮೋಟಾರಿನ ಮೈಗೂ ನಡುವಿನ ಇನ್ಸುಲೇಷನ್ನನ್ನು ಪರೀಕ್ಷಿಸುವುದು ಮೆಗ್ಗರಿನ ಕೆಲಸ. ಹಿಡಿಕೆ ತಿರುಗಿಸಿ ಅಥವಾ ಗುಂಡಿ ಒತ್ತಿ 500 ವೋಲ್ಟ್ ಹುಟ್ಟಿಸುವ ಈ ಸಾಧನ ಮೆಗಓಮ್, ಅಂದರೆ ಹತ್ತು ಲಕ್ಷ ಓಮಿನ ಲೆಕ್ಕದಲ್ಲಿ ಅಳೆಯುತ್ತದೆ. ಕಿಲೋವೋಲ್ಟಿನಲ್ಲಿ ಹೇಳಿದ ವೋಲ್ಟೇಜಿಗೆ ಒಂದನ್ನು ಕೂಡಿಸಿದಷ್ಟು ಮೆಗಓಮ್ ಆದರೂ ಇರಬೇಕೆಂಬ ಹಳೆಯ ನಿಯಮದಂತೆ 415 ವೋಲ್ಟಿನ ಮೋಟಾರಿಗೆ ಸುಮಾರು ಒಂದೂವರೆ ಮೆಗಓಮ್ ಕನಿಷ್ಠ. ಒಣಗಿದ ಹೊಸ ಮೋಟಾರು ಇದರ ಎಷ್ಟೋ ಪಟ್ಟು ತೋರಿಸುತ್ತದೆ. ಉಷ್ಣತೆ ಏರಿದಾಗ ತಾಮ್ರದ ರೋಧ ಏರಿದರೆ, ಇನ್ಸುಲೇಷನ್ನಿನದು ತದ್ವಿರುದ್ಧ, ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಕರಾವಳಿಯಲ್ಲೋ ಮಲೆನಾಡಿನಲ್ಲೋ ತಿಂಗಳುಗಟ್ಟಲೆ ಸುಮ್ಮನಿದ್ದ ಮೋಟಾರು ಮೆಗ್ಗರಿನಲ್ಲಿ ಅರ್ಧ ಮೆಗಓಮೂ ತೋರಿಸದಿದ್ದರೆ ಅದು ಸುಟ್ಟಿದೆಯೆಂದಲ್ಲ; ದೊಡ್ಡ ಬಲ್ಬಿನ ಕಾವಿನಲ್ಲಿ ಒಣಗಿಸಿದರೆ ಅಂಕಿ ಏರಿ ಬರುವುದು ಹೆಚ್ಚು. ಮೆಗ್ಗರನ್ನು ಎಲೆಕ್ಟ್ರಾನಿಕ್ ಭಾಗಗಳಿರುವ ಇಗ್ನಿಷನ್ ಪೆಟ್ಟಿಗೆಗೆ ಮಾತ್ರ ಎಂದಿಗೂ ಮುಟ್ಟಿಸಬಾರದು.

ರೋಧ ಉಷ್ಣತೆಯೊಡನೆ ಏರುವುದು ಕಾಯಿಲ್ ಪರೀಕ್ಷೆಯಲ್ಲಿ ತೊಡಕಾದರೂ ಬೇರೆಡೆ ಅದೇ ವರವಾಗಿದೆ. ಓಡುತ್ತಿರುವ ಮೋಟಾರಿನ ಸುರುಳಿಯ ಹೊಟ್ಟೆಯಲ್ಲಿ ಎಷ್ಟು ಬಿಸಿಯಿದೆಯೆಂದು ಥರ್ಮಾಮೀಟರು ಇಟ್ಟು ನೋಡುವುದು ಕಷ್ಟ. ರೋಧವನ್ನು ಅಳೆದರೆ ಸುರುಳಿ ತಾನೇ ತನ್ನ ಥರ್ಮಾಮೀಟರಾಗುತ್ತದೆ. ತಣ್ಣಗಿದ್ದಾಗಿನ ಉಷ್ಣತೆಗೆ 234.5 ಕೂಡಿಸಿ, ಬಿಸಿ ಮತ್ತು ತಣ್ಣನೆಯ ರೋಧಗಳ ಅನುಪಾತದಿಂದ ಗುಣಿಸಿ, ಮತ್ತೆ 234.5 ಕಳೆದರೆ ಬಿಸಿಯಾದಾಗಿನ ಉಷ್ಣತೆ ಸಿಗುತ್ತದೆ. ಇಪ್ಪತ್ತೈದು ಡಿಗ್ರಿಯಲ್ಲಿ 5 ಓಮ್ ಇದ್ದ ಸುರುಳಿ ಓಡಿ ನಿಂತ ಕೂಡಲೆ 6.2 ಓಮ್ ತೋರಿಸಿದರೆ ಅದರ ಸರಾಸರಿ ಉಷ್ಣತೆ 87 ಡಿಗ್ರಿ. 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳಲ್ಲಿ ಟ್ರಾನ್ಸ್‌ಫಾರ್ಮರುಗಳ ಉಷ್ಣತೆಯ ಏರಿಕೆಯನ್ನು ನಿರ್ಣಯಿಸುವ ಕ್ರಮ ಇದೇ. ವಿದ್ಯುತ್ ನಿಲ್ಲಿಸಿದ ಮೇಲೆ ಸುರುಳಿ ಆರುತ್ತ ಹೋಗುವುದರಿಂದ, ನಿಮಿಷನಿಮಿಷಕ್ಕೂ ರೋಧವನ್ನು ಓದಿ ಗೆರೆ ಎಳೆದು, ಆ ಗೆರೆಯನ್ನು ಹಿಂದಕ್ಕೆ ಎಳೆದು, ನಿಲ್ಲಿಸಿದ ಕ್ಷಣದ ಅಂಕಿಯನ್ನು ಪಡೆಯುತ್ತಾರೆ.

ಕೊಳವೆಬಾವಿಯ ಮೋಟಾರನ್ನು ಮೇಲಿನಿಂದಲೇ ಅಳೆಯುವಾಗ ಕೇಬಲ್ಲಿನ ಉದ್ದ ತಪ್ಪದೆ ಲೆಕ್ಕಕ್ಕೆ ಬರುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಿಗೆ 200 ಮೀಟರಿಗೆ ಸುಮಾರು ಒಂದೂವರೆ ಓಮ್ ರೋಧ. ಎರಡು ತಂತಿಗಳನ್ನು ಹಿಡಿದು ಅಳೆದಾಗ 3 ಓಮ್ ಕೇಬಲ್ಲಿನದೇ ಆಗಿ, ಸುರುಳಿಯ ಕೆಲವು ಓಮಿಗೆ ಸೇರಿಕೊಳ್ಳುತ್ತದೆ. ಮೂರು ಅಳತೆಗಳಲ್ಲಿ ಎರಡು ಹೆಚ್ಚಾಗಿ ಒಂದು ಸರಿಯಿದ್ದರೆ ಸುರುಳಿಗಿಂತ ಮೊದಲು ಸಂಶಯಪಡಬೇಕಾದದ್ದು ನೀರಿನೊಳಗೆ ಕಟ್ಟಿದ ಕೇಬಲ್ ಗಂಟನ್ನು, ಏಕೆಂದರೆ ಒಂದು ತಂತಿಯ ಗಂಟು ಸಡಿಲವಾದರೆ ಆ ತಂತಿ ಸೇರುವ ಎರಡು ಅಳತೆಗಳೂ ಒಟ್ಟಿಗೆ ಏರುತ್ತವೆ. ಪಂಪು ಇಳಿಸಿದ ದಿನವೇ ಮೂರು ಫೇಸುಗಳ ನಡುವಿನ ಅಂಕಿಗಳನ್ನೂ ಮೆಗ್ಗರಿನ ಅಂಕಿಯನ್ನೂ ಕೇಬಲ್ಲಿನ ಉದ್ದವನ್ನೂ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ಬರೆದಿಟ್ಟಿದ್ದರೆ, ಮುಂದೆ ಮೋಟಾರು ನಿಂತಾಗ 200 ಮೀಟರ್ ಪೈಪನ್ನು ಮೇಲೆತ್ತಿಸುವ ಖರ್ಚಿಗೆ ಕೈಹಾಕುವ ಮೊದಲು ಅಂದಿನ ಅಂಕಿಯನ್ನೂ ಇಂದಿನ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.